ಲಾರಿ ಹಿಂದಕ್ಕೆ ತೆಗೆದ ಪುರಾವೆ

ನಾನು ಹದಿನೆಂಟು ಚಕ್ರದ ಲಾರಿಯನ್ನು ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ಗೋದಾಮಿನೊಳಗೆ ನಿಲ್ಲಿಸಿದ್ದೇನೆ. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಎರಡೂ ಕಡೆ ಅಂಗೈಯಷ್ಟು ಜಾಗ. ಎಲ್ಲಿಯೂ ತಾಗಿಸಲಿಲ್ಲ. ಇದು ನಡೆದದ್ದು ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರಿನ ಲಾರಿ ಆಟದಲ್ಲಿ ಎಂಬುದನ್ನು ಮುಚ್ಚಿಡುವುದಿಲ್ಲ.

ನಡೆಯಿತು ಎನ್ನುವುದು ನನ್ನ ನೆನಪು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ಸಾಕ್ಷಿ ಒಬ್ಬನೇ ಇದ್ದು, ಲಾಭವೂ ಅವನದೇ ಆದರೆ ನಂಬಬೇಡಿ ಎಂದು ಮಕ್ಕಳಿಗೆ ವರ್ಷವೂ ಹೇಳುತ್ತೇನೆ. ಅಂದೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ, ನಿಜ. ಆದರೆ ಡೈರಿ ಬರೆದವನೂ ನಾನೇ.

ಪುರಾವೆ ಬೇಕಾಗಿದ್ದು ಕಾರಿನ ಕೀಲಿಗಾಗಿ. ನನ್ನ ಹೆಂಡತಿ ಶೋಭಾ ಮಟಮಾರಿಯ ಶಾಲೆಯಲ್ಲಿ ಟೀಚರು. ದಿನಾ ಕಾರು ಓಡಿಸಿಕೊಂಡು ಹೋಗಿ ಬರುತ್ತಾಳೆ. ಲೈಸನ್ಸು ನನಗೂ ಇದೆ. ಆದರೆ ಹೋದ ಬೇಸಿಗೆಯಲ್ಲಿ ನಾನು ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯವರ ನೀರಿನ ಡ್ರಮ್ಮು ಉರುಳಿತು. ಅದೂ ನಲ್ಲಿ ಬಂದ ದಿನ, ತುಂಬಿದ ಡ್ರಮ್ಮು. ಅಂದಿನಿಂದ ನಾನು ಎಡಗಡೆ ಸೀಟಿನಲ್ಲಿ ಚೀಲ ಹಿಡಿದು ಕೂರುವವನು. ಮುಂದಿನ ತಿಂಗಳು ದೇವದುರ್ಗದಲ್ಲಿ ಅವಳ ಚಿಕ್ಕಮ್ಮನ ಮಗಳ ಕುಬುಸ, ಅಂದರೆ ಸೀಮಂತ, ಇತ್ತು. ಅಷ್ಟೂ ಬೀಗರೆದುರು ಚೀಲದೊಂದಿಗೆ ಇಳಿಯಲು ನನಗೆ ಮನಸ್ಸಿರಲಿಲ್ಲ.

"ಲಾರೀನ ಹಿಂದ ತೆಗದೀನಿ. ಕಾರ್ ಯಾವ ಲೆಕ್ಕ?" ಎಂದೆ.

ಶೋಭಾ ತಮ್ಮನಿಗೆ ಫೋನು ಹಚ್ಚಿ, ಸಂಗತಿ ಹೇಳಿ, ಸ್ಪೀಕರಿಗೆ ಹಾಕಿದಳು. ತಮ್ಮ ವೀರೇಶನಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇದೆ. ಭತ್ತದ ಲಾರಿಗಳ ನಡುವೆಯೇ ಬೆಳೆದವನು.

"ಮಾಮಾ, ನೀವು ಸೈಕಲ್ ತಿರಗಸಬೇಕಂದ್ರ ಇಳದು ಎತ್ತಿ ಇಡ್ತೀರಿ. ಲಾರಿ ಹ್ಯಾಂಗ ತೆಗದ್ರಿ? ವಿಡಿಯೊ ಕಳಸ್ರಿ, ನೋಡೂಣು."

"ಕಳಸ್ತೀನಿ. ಸರಿ ಬಂದ್ರ?"

"ಸರಿ ಬಂದ್ರ ದೇವದುರ್ಗಕ್ಕ ಗಾಡಿ ನಿಮ್ಮ ಕೈಯಾಗ. ಏನಕ್ಕಾ?"

ಶೋಭಾ ಹ್ಞೂಂ ಅಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಅನುಮಾನಪಡಬೇಕಿತ್ತು.

ಆಟವನ್ನು ರೆಕಾರ್ಡ್ ಮಾಡುವ ತಂತ್ರಾಂಶ ಹಾಕಿಕೊಂಡು ಲಾರಿ ನಿಲ್ಲಿಸಿದೆ. ಬಹಳ ಚೆನ್ನಾಗಿ ನಿಂತಿತು. ವಿಡಿಯೊ ಹಚ್ಚಿ ನೋಡಿದರೆ ಲಾರಿ ಅಂಗಳಕ್ಕೆ ಬರುತ್ತದೆ, ಹಿಂದಕ್ಕೆ ಸರಿಯಲು ಶುರು ಮಾಡುತ್ತದೆ, ಅಲ್ಲಿಗೆ ಚಿತ್ರ ಗಕ್ಕನೆ ನಿಲ್ಲುತ್ತದೆ. ಮತ್ತೆ ಚಲಿಸುವ ಹೊತ್ತಿಗೆ ಲಾರಿ ಗೋದಾಮಿನೊಳಗಿದೆ.

"ನಡುವ ಯಾರು ಬಂದು ನಿಲ್ಲಿಸಿ ಹೋದ್ರು ಮಾಮಾ?" ಎಂದು ವೀರೇಶ ಕೇಳಿದ.

ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಕಂಪ್ಯೂಟರಿಗೆ ಕೆಲಸ ಹೆಚ್ಚಾದರೆ ಅದು ಕೆಲವು ಚಿತ್ರಗಳನ್ನು, ಅಂದರೆ ಫ್ರೇಮುಗಳನ್ನು, ಬಿಟ್ಟುಬಿಡುತ್ತದೆ. ಕಾರಣ ಹುಡುಕಿ ಸರಿಪಡಿಸಿದರಾಯಿತು. ಓದಿದವನಿಗೆ ಇದೇನು ದೊಡ್ಡದು ಎಂದುಕೊಂಡೆ.

ಮೊದಲು ಇಂಟರ್ನೆಟ್ಟಿನ ಮೇಲೆ ಸಂಶಯ ಬಂತು. ಒಳಕೋಣೆಯಿಂದ ಪಡಸಾಲೆಯವರೆಗೆ ಉದ್ದನೆಯ ಕೇಬಲ್ ಎಳೆದೆ. ಶೋಭಾ ಎರಡು ಸಲ ಎಡವಿದಳು. ಮೂರನೆಯ ಸಲ ಎಡವಿದವನು ನಾನು. ಆಮೇಲೆ ತಿಳಿಯಿತು, ರೆಕಾರ್ಡಿಂಗಿಗೆ ಇಂಟರ್ನೆಟ್ ಬೇಕಾಗಿಯೇ ಇಲ್ಲವಂತೆ.

ಹಾಗಾದರೆ ಬಿಸಿಲು. ರಾಯಚೂರಿನಲ್ಲಿ ಯಾವುದು ಕೆಟ್ಟರೂ ಬಿಸಿಲಿನ ಮೇಲೆ ಹಾಕಬಹುದು, ಅದು ಎದುರಾಡುವುದಿಲ್ಲ. ಕೂಲರನ್ನು ತಳ್ಳಿಕೊಂಡು ಬಂದು ಕಂಪ್ಯೂಟರಿನ ಬೆನ್ನಿಗೆ ಹಚ್ಚಿದೆ. ಹಿಂದಿನ ಕಿಟಕಿಯ ಪರದೆ ತೊಯ್ದು ತೊಟ್ಟಿಕ್ಕಿತು; ಫ್ರೇಮುಗಳು ಮಾತ್ರ ಬೀಳುತ್ತಲೇ ಇದ್ದವು. ಆ ವಿಡಿಯೊ ನೋಡಿದ ವೀರೇಶ ಮೊದಲ ಬಾರಿಗೆ ಹೊಗಳಿದ: "ಇಂಜಿನ್ ಸೌಂಡ್ ಭಾಳ ಚೊಲೋ ಬಂದದ ಮಾಮಾ." ಮೈಕಿನೊಳಗೆ ಹೋಗಿದ್ದು ನಮ್ಮ ಕೂಲರಿನ ಸದ್ದು. ನಾನು ಹೇಳಲಿಲ್ಲ.

ವಿಡಿಯೊಗಳನ್ನು ಹಳೆಯ ಹಾರ್ಡ್ ಡಿಸ್ಕಿಗೆ ಬರೆಸುತ್ತಿದ್ದೆ. ಅದು ನಿಧಾನದ್ದೆಂದು ಜಾಗ ಬದಲಿಸಿದೆ. ತುಸು ಸುಧಾರಿಸಿತು, ಆದರೆ ಬೇಕಾದ ಜಾಗದಲ್ಲಿ ಮತ್ತೆ ಅದೇ ಗಕ್ಕು. ವೀರೇಶನ ತಾಳ್ಮೆ ಮುಗಿದಿತ್ತು.

"ಕತ್ತರಸಿ ಅಂಟಸಿದ್ದು ಸಾಕು ಮಾಮಾ. ಐತವಾರ ಊಟ ಆದಮ್ಯಾಲೆ ಲೈವ್ ತೋರಸ್ರಿ. ಗಿರಣಿ ಆಫೀಸಿನ ಟೀವಿಯಾಗ ಎಲ್ಲಾರೂ ನೋಡ್ತೀವಿ. ಯವ್ವನೂ ಬರತಾಳ."

ಯವ್ವ ಎಂದರೆ ನಮ್ಮತ್ತೆ. ಸಂಗತಿ ಕೈಮೀರಿತ್ತು.

ಶನಿವಾರ ಶೋಭಾ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನನ್ನ ಹಿಂದೆ ಕೂತಿದ್ದಳು.

"ರೀ, ಮುಂದ ಹೋಗುವಾಗ ಏನೂ ಆಗವಲ್ದು. ನೀವು ಕನ್ನಡಿ ನೋಡಿದಾಗ ಅಷ್ಟ ಚಿತ್ರ ನಿಂದ್ರಾಕತ್ತದ."

ನೋಡಿದೆ. ನಿಜವಾಗಿತ್ತು. ಆ ಆಟದಲ್ಲಿ ಲಾರಿಯ ಕನ್ನಡಿಗಳಲ್ಲಿ ಹಿಂದಿನ ದೃಶ್ಯವೆಲ್ಲ ಕಾಣುತ್ತದೆ. ಒಂದೊಂದು ಕನ್ನಡಿಗೂ ಕಂಪ್ಯೂಟರು ಅಂಗಳವನ್ನೆಲ್ಲ ಮತ್ತೊಮ್ಮೆ ಚಿತ್ರಿಸಬೇಕು. ಹಿಂದಕ್ಕೆ ತೆಗೆಯುವಾಗ ಕನ್ನಡಿಯತ್ತ ತಿರುಗಿದರೆ ಅದರ ಉಸಿರು ಕಟ್ಟುತ್ತಿತ್ತು. ಪರಿಹಾರವೂ ಸಿಕ್ಕಿತು. ಕನ್ನಡಿಯ ಗುಣಮಟ್ಟ ಇಳಿಸಿ, ಆಟದ ಫ್ರೇಮುಗಳಿಗೆ ಮಿತಿ ಹಾಕಿ ಎಂದು ಯಾರೋ ಪುಣ್ಯಾತ್ಮರು ವಿವರವಾಗಿ ಬರೆದಿದ್ದರು. ಅರ್ಧ ಓದಿ ಎದ್ದೆ. ಗುಣಮಟ್ಟ ಇಳಿಸುವುದೇಕೆ, ಕನ್ನಡಿಗಳನ್ನೇ ಬಂದ್ ಮಾಡಿಬಿಟ್ಟೆ. ಹೆದ್ದಾರಿಯಲ್ಲಿ ಓಡಿಸಿ ಪರೀಕ್ಷಿಸಿದೆ. ಎಣ್ಣೆ ಸುರಿದಂತೆ ನುಣುಪು. ಒಂದು ಫ್ರೇಮೂ ಬೀಳಲಿಲ್ಲ.

ಹೆದ್ದಾರಿಯಲ್ಲಿ ಯಾರೂ ಹಿಂದಕ್ಕೆ ಓಡಿಸುವುದಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ಭಾನುವಾರ ಮಾನ್ವಿಯಲ್ಲಿ ಟೀವಿಯ ಮುಂದೆ ಎಲ್ಲರೂ ಕೂತರು. ನನ್ನ ಒಂದು ಕಿವಿಗೆ ಹೆಡ್‌ಫೋನು, ಮೇಜಿನ ಮೇಲೆ ಸ್ಪೀಕರಿಗೆ ಹಾಕಿದ ಫೋನು.

"ಅಳಿಯಂದ್ರು ಎಲ್ಲದಾರ? ಕಾಣವಲ್ರು," ಎಂದರು ಅತ್ತೆ.

"ಲಾರಿ ಒಳಗ ಅದಾರ, ಸುಮ್ಕ ನೋಡು ಯವ್ವಾ," ಎಂದ ವೀರೇಶ.

ಅಂಗಳಕ್ಕೆ ಲಾರಿ ತಂದು, ರಿವರ್ಸ್ ಗೇರು ಹಾಕಿ, ರೂಢಿಯಂತೆ ಕನ್ನಡಿಯತ್ತ ತಿರುಗಿದೆ. ಅಲ್ಲಿ ಕರಿಹಲಗೆಯಂಥ ಒಂದು ತುಂಡು ಮಾತ್ರ ಇತ್ತು. ಆಟ ನಿಲ್ಲಿಸಿ ಕನ್ನಡಿ ಹಚ್ಚಬಹುದಿತ್ತು. ಆದರೆ ನಿಲ್ಲಿಸಿದರೆ ಮತ್ತೆ ಕತ್ತರಿಸಿದೆ ಅಂತಾರೆ. ಅಲ್ಲದೆ ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ನೆನಪಿದೆಯಲ್ಲ ಎಂದುಕೊಂಡೆ. ನೆನಪನ್ನು ನಂಬಬೇಡಿ ಎಂದು ಸಂಬಳ ತೆಗೆದುಕೊಂಡು ಹೇಳುವವನು ನಾನು.

ಹೆಡ್‌ಫೋನಿನಲ್ಲಿ ಧಡ್ ಎಂದಿತು. ಲಾರಿಯ ಹಿಂಭಾಗ ಗೋಡೆಗೆ ಬಡಿದು ವಾಲಿ, ನಿಧಾನವಾಗಿ ಮಗ್ಗುಲಾಯಿತು.

ಫೋನಿನಲ್ಲಿ ಮಾತ್ರ ವೀರೇಶ ಉಮೇದಿನಿಂದ ಕೂಗುತ್ತಿದ್ದ: "ಬರ್ಲಿ, ಬರ್ಲಿ... ಸೀದಾ ಅದ... ಬರ್ಲಿ ಮಾಮಾ!" ಲೈವ್ ಎಂದರೂ ಚಿತ್ರ ಮಾನ್ವಿ ಮುಟ್ಟಲು ತುಸು ಹೊತ್ತು ಹಿಡಿಯುತ್ತದೆ. ಅಲ್ಲಿ ಲಾರಿ ಇನ್ನೂ ಅಂಗಳದಲ್ಲಿತ್ತು. "ಭಾಳ ಹುಷಾರ್ ಅದಾರ ಅಳಿಯಂದ್ರು," ಎಂದು ಅತ್ತೆ ಹೇಳಿದ್ದೂ ಕೇಳಿಸಿತು. ಬಿದ್ದ ಲಾರಿಯನ್ನು ಎದುರಿಗಿಟ್ಟುಕೊಂಡು ಆ ಹೊಗಳಿಕೆಯನ್ನೆಲ್ಲ ಕೇಳುತ್ತ ಕೂತೆ. ನಾನೇ ಎಳೆದ ಉದ್ದನೆಯ ಕೇಬಲ್ ಕಾಲ ಬಳಿಯೇ ಇತ್ತು. ಕಿತ್ತರೆ ಮಾನ್ವಿಯಲ್ಲಿ ಲಾರಿ ಬೀಳುವುದೇ ಇಲ್ಲ. ಮೆಲ್ಲಗೆ ಕೈ ಹೋಯಿತು.

"ಕೈ ತೆಗೀರಿ," ಎಂದಳು ಹಿಂದಿನಿಂದ ಶೋಭಾ.

ಫೋನಿನಲ್ಲಿ, ಮಾನ್ವಿಯ ಟೀವಿಯಿಂದ, ಈಗ ಧಡ್ ಎಂದಿತು. ಆಮೇಲೆ ಅತ್ತೆಯ ದನಿ: "ಯಪ್ಪಾ, ಅವರಿಗೇನೂ ಆಗಿಲ್ಲ ಹೌದಿಲ್ಲೋ?"

ಆ ವಿಡಿಯೊ ಈಗಲೂ ವೀರೇಶನ ಬಳಿ ಇದೆ. ಗಿರಣಿಗೆ ಬಂದ ಲಾರಿ ಡ್ರೈವರುಗಳಿಗೆ ಚಹಾದ ಜೊತೆ ತೋರಿಸುತ್ತಾನಂತೆ. ನಾನೂ ಒಮ್ಮೆ ನೋಡಿದೆ. ಬಡಿದದ್ದು, ವಾಲಿದ್ದು, ಮಗ್ಗುಲಾದದ್ದು, ಎಲ್ಲ ಸ್ಪಷ್ಟ. ಒಂದು ಫ್ರೇಮೂ ಬಿಟ್ಟುಹೋಗಿಲ್ಲ. ಇನ್ನು ಲಾರಿ ಎಲ್ಲೂ ತಾಗದೆ ನಿಂತ ಆ ಮೊದಲ ದಿನದ್ದು. ನಿಲ್ಲಿಸಲು ಬಾರದವರಿಗೆಂದು ಆಟದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಲಾರಿ ತಾನೇ ಹೋಗಿ ನಿಲ್ಲುತ್ತದೆ. ಅಂದು ನಾನು ಅದನ್ನು ಒತ್ತಿರಲಿಲ್ಲ ಎಂದೇ ನೆನಪು.

ಕುಬುಸದ ದಿನ ಶೋಭಾ ಓಡಿಸಿದಳು, ನಾನು ಚೀಲ ಹಿಡಿದೆ. ದೇವದುರ್ಗದ ಆ ಮನೆಯ ಓಣಿ ಇಕ್ಕಟ್ಟು; ಕಾರನ್ನು ಹಿಂದಕ್ಕೆ ತೆಗೆದೇ ನಿಲ್ಲಿಸಬೇಕಿತ್ತು. ಕಟ್ಟೆಯ ಮೇಲೆ ಬೀಗರೆಲ್ಲ ಕೂತಿದ್ದರು. ಇಷ್ಟಾದರೂ ಉಪಯೋಗವಾಗಲಿ ಎಂದು ನಾನೇ ಇಳಿದು, ಚೀಲ ಹೆಗಲಿಗೇರಿಸಿ, ಕಾರಿನ ಹಿಂದೆ ನಿಂತು ಕೈ ಬೀಸಿದೆ. "ಬರ್ಲಿ, ಬರ್ಲಿ... ಸೀದಾ ಅದ."

ಕಾರು ನಿಂತಿತು. ಶೋಭಾ ಕಿಟಕಿಯಿಂದ ತಲೆ ಹೊರಹಾಕಿದಳು.

"ರೀ, ಒಂಚೂರು ಸರೀರಿ. ಕನ್ನಡಿ ತುಂಬ ನೀವ ಅದೀರಿ, ಗ್ವಾಡಿ ಕಾಣವಲ್ದು."

ಸರಿದೆ. ಅವಳು ಒಂದೇ ಸಲಕ್ಕೆ ನಿಲ್ಲಿಸಿದಳು.