ಪಕ್ಕದ ಸೀಟಿನ ಬ್ರೇಕು

"ಭಾನುವಾರ ಗುಡ್ಡಕ್ಕೆ ಕಾರು ನಾನೇ ಓಡಿಸ್ತೀನಿ!"

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಎದುರಿಗಿದ್ದ ಹೆಂಡತಿ, ಫೋನಿನ ಆ ತುದಿಯಲ್ಲಿದ್ದ ಮಗಳು. ಮಗಳು ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಗಾಳಿ ಮಳೆ ಅಳೆಯುವ ಕೆಲಸದಲ್ಲಿದ್ದಳು. ಏಣಿಯಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಸದ್ಯಕ್ಕೆ ಕಟ್ಟು ಹಾಕಿದ್ದರೂ ಸೋಮವಾರ ಬೆಳಿಗ್ಗೆ ಊರಿನ ಮೂಳೆ ಡಾಕ್ಟರಿಗೆ ತೋರಿಸಲೇಬೇಕಿತ್ತು. ಕೇಂದ್ರದ ಜೀಪು ರಿಪೇರಿಗೆ ಹೋಗಿತ್ತು. "ಯಾರು ಓಡಿಸ್ಕೊಂಡು ಬರ್ತಾರೆ?" ಎಂದು ಮಗಳು ಕೇಳಿದ್ದೇ ಮೇಷ್ಟ್ರಿಗೆ ಮುಳ್ಳಿನಂತೆ ಚುಚ್ಚಿತು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಮಹಾನುಭಾವನನ್ನು ಕೇಳುವ ಪ್ರಶ್ನೆಯೇ ಇದು?

ಘೋಷಣೆ ಮುಗಿಸಿ ಕೂತ ಮೇಲೆ ಅವರು ಸಾರೆಂದು ನೀರನ್ನೇ ಅನ್ನಕ್ಕೆ ಸುರಿದುಕೊಂಡರು. ಕಾರಣವಿತ್ತು. ಮೇಷ್ಟ್ರು ಸ್ವತಃ ಕಾರು ಓಡಿಸಿ ಯಾವ ಕಾಲವಾಗಿತ್ತೋ! ಓಡಿಸುವವರು ಶಿಷ್ಯರು. ಮೇಷ್ಟ್ರು ಕೂರುವುದು ಪಕ್ಕದ ಸೀಟಿನಲ್ಲಿ, ಎಡಗಾಲಿನ ಕೆಳಗೆ ತಮ್ಮದೇ ಒಂದು ಹೆಚ್ಚುವರಿ ಬ್ರೇಕು ಇಟ್ಟುಕೊಂಡು. ಕಾರು ಆಟದ ಮೈದಾನ ಸುತ್ತಿ ಅಂಚೆ ಕಚೇರಿಯವರೆಗೆ ಹೋಗಿ ವಾಪಸ್ಸು ಬರುತ್ತಿತ್ತು. ಆ ಸೀಟಿನಲ್ಲಿ ಕೂತೇ ಅವರು ಜಗತ್ತಿನ ಅಪಘಾತಗಳನ್ನೆಲ್ಲ ಶಿಷ್ಯರಿಗೆ ಬಾಯಿಪಾಠ ಮಾಡಿಸಿದ್ದರು. ಹಾಗಾಗಿ ಯಾವ ತಿರುವಿನಲ್ಲಿ ಹೇಗೆ ಸಾಯಬಹುದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಊರಲ್ಲೇ ಇರಲಿಲ್ಲ. ಎದುರು ಬೀದಿಯಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲಿತ್ತು. ಅದರ ಯಜಮಾನ ಕೊನೆಯ ಪಾಠವೆಂದು ಶಿಷ್ಯರನ್ನು ಇದೇ ಗುಡ್ಡ ಹತ್ತಿಸುತ್ತಿದ್ದ. ಅವನಿಗೆ ತಲೆ ಕೆಟ್ಟಿದೆ ಎಂದು ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮೇಷ್ಟ್ರ ಶಾಲೆಯಲ್ಲಿ ಇದ್ದದ್ದು ಒಂದೇ ಕಾನೂನು. ಸ್ಟೀರಿಂಗ್ ಹಿಡಿದವರು ಯೋಚಿಸಬಾರದು, ಪಕ್ಕದ ಸೀಟು ಹೇಳಿದ್ದನ್ನು ಮಾಡಬೇಕು. ಹೆಂಡತಿಗೂ ಒಮ್ಮೆ ಕಲಿಸಲು ಹೊರಟಿದ್ದರು. ಆಕೆ ಪ್ರತಿಯೊಂದಕ್ಕೂ "ಯಾಕೆ?" ಎಂದು ಕೇಳಿದ್ದರಿಂದ, ಈ ವಿದ್ಯೆ ನಿನಗೆ ಹತ್ತುವುದಿಲ್ಲ ಎಂದು ಕೈತೊಳೆದುಕೊಂಡಿದ್ದರು. ಈಗ ಸ್ಟೀರಿಂಗ್ ಹಿಂದೆ ತಾವೇ ಕೂರಬೇಕು. ಹಾಗಾದರೆ ಹೇಳುವವರು ಯಾರು? ಗುಡ್ಡದ ದಾರಿಯುದ್ದಕ್ಕೂ ಮೊಬೈಲಿಗೆ ಸಿಗ್ನಲ್ ಇಲ್ಲ. ರಾತ್ರಿಯೆಲ್ಲ ಹೊರಳಾಡಿದ ಮೇಷ್ಟ್ರು, ಬೆಳಗಾಗುವ ಹೊತ್ತಿಗೆ ದಾರಿ ಹೇಳುವ ಜಿಪಿಎಸ್ ಪೆಟ್ಟಿಗೆಯೊಂದನ್ನು ಕೊಳ್ಳುವುದೆಂದು ನಿರ್ಧರಿಸಿದರು.

ಅಂಗಡಿಯಲ್ಲಿ ಅವರು ಪೆಟ್ಟಿಗೆಗಳನ್ನು ಕೊಳ್ಳಲಿಲ್ಲ, ಸಂದರ್ಶನ ಮಾಡಿದರು. ತಿರುವು ಬರುವುದಕ್ಕೆ ಎಷ್ಟು ಮುಂಚೆ ಹೇಳುತ್ತದೆ? ಹೇಳಿದ್ದು ಕೇಳಿಸದಿದ್ದರೆ ಇನ್ನೊಂದು ಸಲ ಹೇಳುತ್ತದೆಯೇ? ತಪ್ಪು ದಾರಿ ಹಿಡಿದರೆ ಬೈಯುತ್ತದೆಯೇ? ಅಂಗಡಿಯವನು ತೋರಿಸಿದ ಮೊದಲನೆಯದಕ್ಕೆ ಊರಿನ ಬೀದಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಎರಡನೆಯದು ಚಾರಣಿಗರದು, ಬಾಯೇ ಇರಲಿಲ್ಲ. ಮೂರನೆಯದು ದಪ್ಪ ರಬ್ಬರಿನ ಅಂಗಿ ತೊಟ್ಟ ಗಟ್ಟಿ ಆಸಾಮಿ. ಅದಕ್ಕೆ ಎರಡು ಗುಂಡಿ, ಒಂದು ಊರಿಗೆ, ಇನ್ನೊಂದು ಕಾಡಿಗೆ.

"ಬಾವಿಗೆ ಬಿದ್ರೂ ಕೆಲಸ ಮಾಡುತ್ತೆ ಸಾರ್," ಎಂದ ಅಂಗಡಿಯವನು.

ಮೇಷ್ಟ್ರ ಕಣ್ಣ ಮುಂದೆ ಬಾವಿ, ಬಾವಿಯೊಳಗೆ ಕಾರು, ಕಾರಿನೊಳಗೆ ತಾವು, ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರುವ ಪೆಟ್ಟಿಗೆ ಬಂದು ನಿಂತವು. ಊರಿನ ಗುಂಡಿ ರಸ್ತೆ ಹಿಡಿದು ತಿರುವು ತಿರುವೂ ಹೇಳುತ್ತದೆ, ಕಾಡಿನ ಗುಂಡಿ ರಸ್ತೆ ನೋಡುವುದಿಲ್ಲ, ಸುಮ್ಮನೆ ಗುರಿಯ ಕಡೆಗೆ ಬಾಣ ತೋರಿಸುತ್ತದೆ ಎಂದು ಅಂಗಡಿಯವನು ವಿವರಿಸುತ್ತಿದ್ದ. ಬಾವಿಯಿಂದ ಇನ್ನೂ ಮೇಲೆ ಬಂದಿರದ ಮೇಷ್ಟ್ರ ಕಿವಿಗೆ ಅದು ಬೀಳಲಿಲ್ಲ.

"ಇಷ್ಟೆಲ್ಲ ಯಾಕ್ರೀ?" ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ನೀರಿನ ಟ್ಯಾಂಕಿನ ಹತ್ರ ಬಲಕ್ಕೆ ತಿರುಗಿದ್ರೆ ಒಂದೇ ದಾರಿ, ನೆಟ್ಟಗೆ ಮೇಲಕ್ಕೆ."

"ನಿನಗೆ ಹೇಗೆ ಗೊತ್ತು?"

ಆಕೆ ಯಾರೋ ಹೇಳಿದರೆಂದು ಗೊಣಗಿ, ಗೋಡೆಯ ಮೇಲಿದ್ದ ಟಾರ್ಚುಗಳನ್ನು ನೋಡತೊಡಗಿದಳು. ಮೇಷ್ಟ್ರು ದಪ್ಪ ಪೆಟ್ಟಿಗೆಯನ್ನೇ ಕಟ್ಟಿಸಿದರು.

ಭಾನುವಾರ ಶಾಲೆಯ ಕಾರು ಹೊರಟಿತು. ಮೇಷ್ಟ್ರು ಸ್ಟೀರಿಂಗಿಗೆ, ಹೆಂಡತಿ ಪಕ್ಕದ ಸೀಟಿಗೆ, ಪೆಟ್ಟಿಗೆ ಗಾಜಿಗೆ ಅಂಟಿಕೊಂಡರು. ಊರೊಳಗೆ ಪೆಟ್ಟಿಗೆಯ ಹೆಣ್ಣುದನಿ ಇಂಪಾಗಿ ಹೇಳಿದಂತೆಲ್ಲ ಮೇಷ್ಟ್ರು "ಆಯ್ತು ಮೇಡಂ" ಎನ್ನುತ್ತ ತಿರುಗಿಸಿದರು. ಅಂಚೆ ಕಚೇರಿ ದಾಟಿದ್ದೇ ತಡ, ಸ್ಟೀರಿಂಗನ್ನು ಎರಡೂ ಕೈಯಿಂದ ಅಪ್ಪಿಕೊಂಡರು. ಇಲ್ಲಿಂದಾಚೆಗೆ ಅವರು ಎಂದೂ ಕಾರು ತಂದವರಲ್ಲ. ಲಾರಿಗಳು ಮೈಮೇಲೆ ಬಂದಂತೆ ಬಂದು ಬದಿಗೆ ಸರಿದು ಹೋದವು. ಪ್ರತಿ ಲಾರಿಗೂ ಮೇಷ್ಟ್ರು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಅದನ್ನು ನೋಡಿದ ಹೆಂಡತಿ ಬಾಗಿಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡಳು.

ಮನೆಗಳು ಮುಗಿದು ಪೊದೆಗಳು ಶುರುವಾದವು. ಇದೇ ಕಾಡು ಎಂದು ತೀರ್ಮಾನಿಸಿ ಮೇಷ್ಟ್ರು ಕಾಡಿನ ಗುಂಡಿ ಒತ್ತಿದರು. ದನಿ ನಿಂತುಹೋಯಿತು. ಪರದೆಯ ಮೇಲೆ ಕೆಂಪು ಬಾಣವೊಂದು ಮೂಡಿತು. ಅಷ್ಟರಲ್ಲಿ ನೀರಿನ ಟ್ಯಾಂಕು ಬಂತು.

"ಇಲ್ಲೇ ರೀ. ಬಲಕ್ಕೆ."

"ಬಾಣ ಎಡಕ್ಕಿದೆ. ಯೋಚನೆ ಮಾಡ್ಬಾರ್ದು."

ಎಡಕ್ಕಿದ್ದದ್ದು ಮಣ್ಣಿನ ಜಾಡು. ಮುಳ್ಳುಕಂಟಿ ಕಾರಿನ ಎರಡೂ ಬದಿ ಕೆರೆಯಿತು, ತಳಕ್ಕೆ ಕಲ್ಲು ಬಡಿಯಿತು. ಹಿಂತಿರುಗೋಣ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ, ಏಕೆಂದರೆ ಇಷ್ಟು ಕಿರಿದಾದ ಜಾಗದಲ್ಲಿ ತಿರುಗಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಆಗ ಎದುರಿಗೆ, ದೂರದಲ್ಲಿ, ಹವಾಮಾನ ಕೇಂದ್ರದ ಬಿಳಿ ಕಟ್ಟಡ ಕಂಡಿತು. ಬಾಣ ಕರಾರುವಾಕ್ಕಾಗಿ ಅದನ್ನೇ ತೋರಿಸುತ್ತಿತ್ತು. ಮೇಷ್ಟ್ರು ಹಿಗ್ಗಿ ಕಾರನ್ನು ಒಂದು ದಿಬ್ಬ ಹತ್ತಿಸಿ ಆಚೆಗೆ ಇಳಿಸಿದರು.

ಆಚೆಗೆ ನೆಲವೇ ಇರಲಿಲ್ಲ. ಸ್ವಲ್ಪ ಇಳಿಜಾರು, ಆಮೇಲೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹೊಂಡ, ಅದರ ತಳದಲ್ಲಿ ಹಸಿರು ನೀರು.

"ಬ್ರೇಕ್! ಬ್ರೇಕ್ ಒತ್ರೀ!" ಎಂದು ಮೇಷ್ಟ್ರು ಶಿಷ್ಯನಿಗೆ ಅಬ್ಬರಿಸಿದರು. ಶಿಷ್ಯ ಎಲ್ಲಿದ್ದಾನೆ? ಸ್ಟೀರಿಂಗ್ ಹಿಡಿದವರು ಅವರೇ! ಅಭ್ಯಾಸಬಲದಿಂದ ಎಡಗಾಲು ತನ್ನ ಎಂದಿನ ಬ್ರೇಕನ್ನು ಹುಡುಕಿ ಬಲವಾಗಿ ಒತ್ತಿತು. ಈ ಸೀಟಿನಲ್ಲಿ ಅಲ್ಲಿದ್ದದ್ದು ಕ್ಲಚ್ಚು. ಹಿಡಿತ ತಪ್ಪಿದ ಕಾರು ಹಗುರಾಗಿ, ಖುಷಿಯಿಂದೆಂಬಂತೆ, ಹೊಂಡದ ಕಡೆಗೆ ಉರುಳಿತು. ಮಗಳ ಕಾಲು, ಸೋಮವಾರದ ಡಾಕ್ಟರು, ಬಾವಿಯಲ್ಲೂ ಕೆಲಸ ಮಾಡುವ ಪೆಟ್ಟಿಗೆ, ಎಲ್ಲವೂ ಒಟ್ಟಿಗೇ ನೆನಪಾದವು.

ಕಾರು ಗಕ್ಕನೆ ನಿಂತಿತು. ಚಕ್ರಕ್ಕೆ ಸಿಕ್ಕಿದ ಕಲ್ಲೊಂದು ಉರುಳಿ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು ಪಕ್ಕಕ್ಕೆ ನೋಡಿದರು. ಹೆಂಡತಿಯ ಕಾಲು ಹೆಚ್ಚುವರಿ ಬ್ರೇಕಿನ ಮೇಲಿತ್ತು.

"ನನಗೆ ಭಯ ಆಗ್ತಿದೆ ಕಣೆ," ಎಂದರು ಮೇಷ್ಟ್ರು. "ಸ್ಟೀರಿಂಗಿಂದ ಕೈ ತೆಗೆಯೋಕೇ ಆಗ್ತಿಲ್ಲ."

"ಗೊತ್ತು. ಬ್ರೇಕ್ ನಾನು ಹಿಡ್ಕೊಂಡಿದೀನಿ. ಹ್ಯಾಂಡ್‌ಬ್ರೇಕ್ ಎಳೀರಿ. ಇಂಜಿನ್ ಆಫ್ ಮಾಡಿ ರಿವರ್ಸ್ ಗೇರಿಗೆ ಹಾಕಿ. ಈಗ ಇಳಿದು ಹಿಂದಿನ ಚಕ್ರದ ಮುಂದೆ ಕಲ್ಲಿಡಿ. ಆತುರ ಬೇಡ."

ಮೇಷ್ಟ್ರು ಯೋಚಿಸದೆ ಹೇಳಿದ್ದನ್ನು ಮಾಡಿದರು. ಆಕೆ ಆಚೆ ಸೀಟಿಗೆ ಸರಿದು, ಇಂಜಿನ್ ಸ್ಟಾರ್ಟ್ ಮಾಡಿ, ಒಂದೇ ಉಸಿರಿಗೆ ಕಾರನ್ನು ಹಿಂದಕ್ಕೆ ದಿಬ್ಬ ಹತ್ತಿಸಿದಳು. ಇಳಿಜಾರಿನಲ್ಲಿ ರಿವರ್ಸ್! ಆ ಪಾಠವನ್ನು ಮೇಷ್ಟ್ರು ಇಷ್ಟು ವರ್ಷವೂ ಮೇಜಿನ ಮೇಲೆ ಬೆಂಕಿಪೊಟ್ಟಣ ಸರಿಸಿಯೇ ಹೇಳಿಕೊಟ್ಟಿದ್ದರು. ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು.

"ಎಲ್ಲಿ ಕಲ್ತೆ?"

"ಎದುರು ಬೀದೀಲಿ. ಲೈಸೆನ್ಸೂ ಆಗಿದೆ. ಹೇಳೋಕೆ ಭಯ ಆಯ್ತು ರೀ."

"ಆ ಗುಡ್ಡ ಹತ್ತಿದೋಳು ನನಗೆ ಹೆದರಿದ್ಯಾ?"

"ಗುಡ್ಡಕ್ಕೆ ಬೇಜಾರಾಗಲ್ಲ. ನಿಮಗಾಗುತ್ತೆ."

ಮೇಷ್ಟ್ರಿಗೆ ಬೇಜಾರು ಆಗಿತ್ತು ನಿಜ. ಆದರೆ ಬದುಕಿದ್ದೇನೆಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು. ಟ್ಯಾಂಕಿನ ಬಳಿ ಸರಿಯಾದ ದಾರಿ ಸಿಕ್ಕಿತು. ಮೇಲೆ ಮಗಳು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಸ್ಟೀರಿಂಗ್ ಹಿಂದೆ ಅಮ್ಮನನ್ನು ಕಂಡು, "ಸದ್ಯ," ಎಂದು ಉಸಿರುಬಿಟ್ಟಳು. ಇಳಿಯುವಾಗ ಪ್ರತಿ ತಿರುವಿಗೂ ಮೇಷ್ಟ್ರ ಎಡಗಾಲು ತಾನಾಗಿ ಕೆಳಗಿಳಿಯುತ್ತಿತ್ತು. ಕೊನೆಗೆ ಹೆಂಡತಿ, "ರೀ, ಬ್ರೇಕ್ ಬಿಡಿ, ಸುಟ್ಟ ವಾಸನೆ ಬರ್ತಿದೆ," ಎಂದಾಗ ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡರು.

ಸೋಮವಾರ ಡಾಕ್ಟರು, ಮೂಳೆ ಸರಿಯಾಗಿ ಕೂತಿದೆ ಎಂದರು. ಮಗಳನ್ನು ಮನೆಗೆ ಬಿಟ್ಟ ಮೇಲೆ ಮೇಷ್ಟ್ರು, ಯಾರಾದರೂ ನೋಡಿಯಾರೆಂದು ಅತ್ತಿತ್ತ ಕಣ್ಣಾಡಿಸುತ್ತ, ಎದೆ ಗಟ್ಟಿಮಾಡಿಕೊಂಡು ಎದುರು ಬೀದಿಗೆ ಹೋದರು. ಅಲ್ಲಿನ ಯಜಮಾನ ಕಾರಿನ ಗಾಜು ಒರೆಸುತ್ತಿದ್ದ. ಗುಡ್ಡದ ಪಾಠ ತಮಗೂ ಬೇಕಿತ್ತು ಎಂದು ಮೇಷ್ಟ್ರು ವಿಷಯ ಎತ್ತಿದರು. ಅವನು ನಗಲೂ ಇಲ್ಲ, ಬೆರಗಾಗಲೂ ಇಲ್ಲ. ಬಟ್ಟೆ ಹಿಂಡಿ ಬದಿಗಿಟ್ಟು, ಕಾರಿನ ಬಾಗಿಲು ತೆರೆದು ಹಿಡಿದ.

"ಬನ್ನಿ ಮೇಷ್ಟ್ರೇ. ನಿಮ್ಮ ಶಿಷ್ಯರೆಲ್ಲ ಬಂದು ಕಲ್ತು ಹೋದ್ರು. ನೀವೊಬ್ರೇ ಬಾಕಿ ಇದ್ರಿ."