ಸೋಡಾ ಬಾಟಲಿಯ ಬಾಯಿಯ ಅಳತೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು, ಪೆಟ್ಟು ತಿಂದು ಹೇಳುತ್ತಿರುವುದು. ನಮ್ಮ ಮದುವೆಯಲ್ಲಿ ಹೋಳಿಗೆ ಬಡಿಸಿದ್ದರೆಂದು ವರ್ಷಗಟ್ಟಲೆ ಕಂಡಕಂಡವರಿಗೆಲ್ಲ ವರ್ಣಿಸಿದ್ದೆ. ಒಂದು ದಿನ ವಿಡಿಯೊ ಹಾಕಿ ನೋಡಿದರೆ ಎಲೆಯ ತುದಿಯಲ್ಲಿ ಕೂತು ನಗುತ್ತಿದ್ದದ್ದು ಜಹಾಂಗೀರು. ಅಂದಿನಿಂದ ದಿನಚರಿ ಬರೆಯಲು ಶುರುಮಾಡಿದೆ. ಕೌಲಾಲಂಪುರದ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಬರೆದಿಡದ ಸಂಗತಿ ನಡೆದೇ ಇಲ್ಲ ಎಂಬುದು ಅಲ್ಲಿನ ನಿಯಮ. ಅದನ್ನು ಸುಬಾಂಗ್ ಜಯಾದ ನಮ್ಮ ಮನೆಗೂ ತರಲು ನೋಡಿದೆ. "ಹಂಗಾದ್ರೆ ನಿನ್ನೆ ಪಾತ್ರೆ ತೊಳೀತೀನಿ ಅಂದಿದ್ದನ್ನ ಬರ್ಕೊಂಡಿದೀರಾ?" ಎಂದು ಹೆಂಡತಿ ಸುಮನಾ ಕೇಳಿದಳು. ಬರೆದುಕೊಂಡಿರಲಿಲ್ಲ. ನಿಯಮದ ಪ್ರಕಾರ ನಾನು ಹಾಗೆ ಹೇಳಿಯೇ ಇಲ್ಲ. ಪಾತ್ರೆಯನ್ನಂತೂ ತೊಳೆದೆ.

ಸುಮನಾ ಶುಂಠಿ ಸೋಡಾ ಮಾಡುತ್ತಾಳೆ. ಶುಂಠಿ, ಸಕ್ಕರೆ, ಇಲ್ಲಿಯ ಪುಟ್ಟ ಕಸ್ತೂರಿ ಲಿಂಬೆ ಸೇರಿಸಿ ಹುಳಿಬರಿಸಿ ಗಾಜಿನ ಬಾಟಲಿಗೆ ತುಂಬಿ ಭದ್ರವಾಗಿ ಮುಚ್ಚಿದರೆ ಎರಡು ದಿನದಲ್ಲಿ ಅದಕ್ಕೆ ತಾನಾಗಿ ಗ್ಯಾಸು ಬರುತ್ತದೆ. ಮುಚ್ಚುವ ಇಲಾಖೆ ನನ್ನದು. ಅದಕ್ಕೊಂದು ಕೈಪ್ರೆಸ್ ಇದೆ. ಬಾಟಲಿಯನ್ನು ಪೀಠದ ಮೇಲಿಟ್ಟು, ಬಾಯಿಗೆ ತಗಡಿನ ಮುಚ್ಚಳ ಕೂರಿಸಿ ಹಿಡಿಕೆ ಎಳೆದರೆ, ಮೇಲಿನಿಂದ ಗಂಟೆಯಂಥ ಒಂದು ಉಕ್ಕಿನ ತುಂಡು ಇಳಿದು ಮುಚ್ಚಳದ ಅಂಚನ್ನು ಬಾಯಿಯ ಸುತ್ತ ಒತ್ತುತ್ತದೆ. ಆ ತುಂಡಿಗೆ ಡೈ ಎನ್ನುತ್ತಾರೆ. ಅದನ್ನು ತಿರುಗಿಸಿ ಎಷ್ಟು ಆಳಕ್ಕೆ ಇಳಿಯಬೇಕೆಂದು ಗೊತ್ತುಮಾಡಿ ನಟ್ಟು ಬಿಗಿಯಬೇಕು. ಡೈ ಹೆಚ್ಚು ಇಳಿದರೆ ಬಾಟಲಿಯ ಬಾಯಿ ಒಡೆಯುತ್ತದೆ, ಕಡಿಮೆ ಇಳಿದರೆ ಗ್ಯಾಸು ಸೋರಿ ಹೋಗುತ್ತದೆ.

ಹೋದ ಯುಗಾದಿಗೆ ಸೋರಿಹೋಗಿತ್ತು. ಕನ್ನಡ ಸಂಘದ ಊಟಕ್ಕೆ ಒಯ್ದ ಬಾಟಲಿಗಳಲ್ಲಿ ಕೆಲವು ಬುಸ್ಸೆಂದವು, ಉಳಿದವು ಮೌನವ್ರತ ಹಿಡಿದವು. ಊಟದ ಉಸ್ತುವಾರಿಯ ಪದ್ಮಕ್ಕನ ಕೈಗೆ ಸಿಕ್ಕಿದ್ದು ಮೌನದ್ದೇ. ಅವರು ಒಂದು ಗುಟುಕು ಕುಡಿದು, "ಚೆನ್ನಾಗಿದೆ ಸುಮನಾ, ಪಾನಕ ಅಲ್ವಾ?" ಎಂದರು. ಸುಮನಾ ನಕ್ಕಳು. ಕಾರಿನಲ್ಲಿ ಮನೆ ತಲುಪುವವರೆಗೆ ಆ ನಗು ಹಾಗೇ ಇತ್ತು, ನನಗೆ ಭಯವಾಯಿತು. ಈ ವರ್ಷ ಪದ್ಮಕ್ಕನೇ ಫೋನ್ ಮಾಡಿ, "ನಿನಗ್ಯಾಕೆ ತೊಂದರೆ, ಅಂಗಡಿಯಿಂದ ಕ್ಯಾನ್ ತರಿಸಿಬಿಡ್ತೀನಿ" ಎಂದರು. ಸುಮನಾ, "ನಲವತ್ತೆಂಟು ಬಾಟಲಿ ತರ್ತೀನಿ ಪದ್ಮಕ್ಕ. ನಲವತ್ತೆಂಟೂ ಬುಸ್ ಅನ್ನುತ್ತೆ" ಎಂದು ಫೋನಿಟ್ಟು ನನ್ನ ಕಡೆ ತಿರುಗಿದಳು. "ರೀ, ಒಂದು ಬಾಟಲಿ ಸುಮ್ಮನಿದ್ರೂ ಇನ್ಮೇಲೆ ನಾನು ಸೋಡಾ ಮಾಡಲ್ಲ." ಇಂಥ ಮಾತನ್ನು ಅವಳು ಬರೆದಿಡುವುದಿಲ್ಲ, ಆದರೂ ನಡೆಸುತ್ತಾಳೆ. "ಅಪ್ಪಾ, ಜಸ್ಟ್ ಬೈ ದ ಕ್ಯಾನ್ಸ್ ಲಾ" ಎಂದು ಮಗಳು ಇಲ್ಲಿಯವರ ರಾಗದಲ್ಲಿ ಸಮಾಧಾನ ಹೇಳಿದಳು. ನಾನು ಹಲ್ಲು ಕಚ್ಚಿ ಸ್ಪ್ಯಾನರ್ ಎತ್ತಿಕೊಂಡೆ.

ಹೋದ ವರ್ಷದ ದಿನಚರಿಯಲ್ಲಿ ಅಳತೆ ಇತ್ತು: 'ಡೈ, ನಟ್ಟಿನಿಂದ ಹನ್ನೊಂದು ಎಳೆ ಹೊರಗೆ.' ಎಳೆ ಎಂದರೆ ಡೈಯ ಮೇಲಿನ ತಿರುಪಿನ ಸುತ್ತು. ಹಾಗೆಯೇ ಕೂರಿಸಿ, ಪ್ರಯೋಗಕ್ಕೆಂದು ಹನ್ನೆರಡು ಬಾಟಲಿ ಮುಚ್ಚಿದೆ. ಎರಡು ದಿನ ಬಿಟ್ಟು ನೀರಿನ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿದರೆ ಮೂರರಿಂದ ಗುಳ್ಳೆ ಬಂದವು. ಡೈಯನ್ನು ಕಾಲು ಸುತ್ತು ಇಳಿಸಿ ಮತ್ತೆ ಮುಚ್ಚಿದೆ. ಈಗ ಸೋರಿದ್ದು ಒಂದೇ, ಆದರೆ ಇನ್ನೊಂದರ ಬಾಯಿ ಚಕ್ಕೆ ಎದ್ದಿತು. ಇಳಿಸಿದ್ದರಲ್ಲಿ ಅರ್ಧದಷ್ಟು ಮತ್ತೆ ಏರಿಸಿದರೆ ಎರಡು ಸೋರಿದವು. ಒಂದೊಂದನ್ನೂ ದಿನಚರಿಯಲ್ಲಿ ಬರೆದೆ. ಕೋಷ್ಟಕ ಎಷ್ಟು ಚೆನ್ನಾಗಿ ಬಂತೆಂದರೆ ಆಫೀಸಿನವರಿಗೆ ತೋರಿಸಬೇಕೆನ್ನಿಸಿತು. ಡೈ ಕೂದಲೆಳೆಯಷ್ಟೂ ಅಲುಗಿಲ್ಲ, ಕೈ ಅದೇ, ಮುಚ್ಚಳ ಅದೇ. ಆದರೂ ಒಂದು ಬಾಟಲಿ ಇದ್ದ ಹಾಗೆ ಇನ್ನೊಂದಿಲ್ಲ. ಊಟಕ್ಕೆ ಐದು ದಿನ ಉಳಿದಿತ್ತು.

ಆಗ ವಿರಾಜಪೇಟೆಯ ಸೋದರಮಾವ ನೆನಪಾದರು. ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆಂದು ಅವರ ಹತ್ತಿರ ಲೈಸೆನ್ಸಿನ ಜೋಡುನಳಿಗೆ ಕೋವಿಯಿತ್ತು. ಅದರ ತೋಟಾಗಳನ್ನು ಮನೆಯಲ್ಲೇ ತುಂಬುತ್ತಿದ್ದರು. ನಾನು ಅವರ ಮೊಣಕಾಲಿನ ಪಕ್ಕ ಕೂತು ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಮದ್ದಿನ ಮೇಲೆ ಕೂರುವ ರಟ್ಟಿನ ಬಿಲ್ಲೆಯನ್ನು ಒಂದು ಮರದ ಕಡ್ಡಿಯಿಂದ ಒಳಕ್ಕೆ ಒತ್ತುವರು. ಎಲ್ಲ ತೋಟಾದಲ್ಲೂ ಬಿಲ್ಲೆ ಒಂದೇ ಆಳಕ್ಕೆ ಕೂರಬೇಕು, ಇಲ್ಲದಿದ್ದರೆ ಒಂದು ಗುಂಡು ತೆಂಗಿನಕಾಯಿಗೆ, ಇನ್ನೊಂದು ದೇವರಿಗೆ ಎನ್ನುವರು. ಹೇಗೆ ಅಳೆಯುತ್ತಿದ್ದರು ಎಂಬಲ್ಲಿ ಮಾತ್ರ ನೆನಪು ಕೈಕೊಟ್ಟಿತು. ಲೈಸೆನ್ಸಿಲ್ಲದೆ ಒಂದು ತೋಟಾ ಸಿಕ್ಕರೂ ಜೈಲಾಗುವ ಈ ದೇಶದಲ್ಲಿ ಅದರ ಹೆಸರನ್ನು ಜೋರಾಗಿ ಉಚ್ಚರಿಸಲೂ ಧೈರ್ಯ ಸಾಲದ ನಾನು, ಸ್ವರ ತಗ್ಗಿಸಿ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ, ಬಾಟಲಿಯ ಗೋಳು ಹೇಳಿ, ಮಾವ ತೋಟಾ ತುಂಬುವುದನ್ನು ನೋಡಿದ್ದೆ, ಅಳತೆ ಮಾತ್ರ ಮರೆತಿದೆ ಎಂದೆ.

"ನೀನೆಲ್ಲಿ ನೋಡಿದ್ಯೋ?" ಎಂದಳು ಅಕ್ಕ. "ಮಾವ ನಿನ್ನನ್ನ ರೂಮಿನೊಳಕ್ಕೇ ಬಿಡ್ತಿರಲಿಲ್ಲ. ಹೊರಗೆ ನಿಂತು ಬಾಗಿಲು ಬಡಿದು ಅಳ್ತಿದ್ದೆ. ಪಕ್ಕದಲ್ಲಿ ಕೂತು ನೋಡಿದ್ದು ನಾನು. ಆಮೇಲೆ ಬಂದು ನಿಂಗೆ ಹೇಳ್ತಿದ್ದೆ."

ಇಷ್ಟು ವರ್ಷ ಜೋಪಾನ ಮಾಡಿದ ನೆನಪು ಅಕ್ಕನ ಸ್ವತ್ತೆಂದು ತಿಳಿಯಿತು. "ಹೋಗಲಿ, ಅಳತೆ ಹೇಗೆ ನೋಡ್ತಿದ್ರು?"

"ತಳ ನೋಡ್ತಿರಲಿಲ್ಲ. ಕಡ್ಡಿ ಮೇಲೊಂದು ಗೀರು ಇತ್ತು, ಅದು ತೋಟಾದ ಬಾಯಿಗೆ ಸರಿಯಾಗಿ ಬರಬೇಕು. ಲೋ ರಘು, ಹೋದ ವರ್ಷ ಯುಗಾದಿ ಆದ್ಮೇಲೂ ನೀನು ಇದನ್ನೇ ಕೇಳಿದ್ದೆ, ನಾನು ಇದನ್ನೇ ಹೇಳಿದ್ದೆ. ಬಾಟಲಿ ಬಾಯಿಂದ ಅಳಿ, ತಳದಿಂದ ಅಲ್ಲ ಅಂತ."

ಪಾಪ, ಅಕ್ಕನಿಗೂ ವಯಸ್ಸಾಯಿತು, ಹೇಳದ್ದನ್ನು ಹೇಳಿದೆ ಎನ್ನುತ್ತಿದ್ದಾಳೆ ಎಂದುಕೊಂಡು ಮೃದುವಾಗಿ "ಹೂಂ" ಎಂದೆ.

ಬಾಟಲಿಗಳನ್ನು ಮೊದಲ ಬಾರಿಗೆ ಸಾಲಾಗಿ ನಿಲ್ಲಿಸಿ ನೋಡಿದೆ. ಬೀದಿ ಕೊನೆಯ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಿಂದ, ಅವರಿವರ ಮನೆಯಿಂದ ಕೂಡಿಸಿದ ಸಂತಾನ ಅದು. ಬಾಯಿಗಳೆಲ್ಲ ಒಂದೇ ಅಗಲ, ಎತ್ತರ ಮಾತ್ರ ಶಾಲೆಯ ಪ್ರಾರ್ಥನೆಯ ಸಾಲಿನಂತೆ. ಹೋದ ವರ್ಷ ನಾನು ಡೈ ಹೊಂದಿಸಿದ್ದು ಮೊದಲು ಕೈಗೆ ಬಂದ, ಎಲ್ಲಕ್ಕಿಂತ ಉದ್ದದ ಬಾಟಲಿಗೆ. ಗಿಡ್ಡವುಗಳ ಬಾಯಿಗೆ ಅದು ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಎಳೆ ಎಣಿಸಿದೆ, ಸುತ್ತು ಎಣಿಸಿದೆ, ಕೆಳಗೆ ನಿಂತ ಗಾಜನ್ನು ಒಮ್ಮೆಯೂ ಅಳೆಯಲಿಲ್ಲ. ಉದ್ದದ ಬಾಟಲಿಯ ಬಾಯಿಯ ಮಟ್ಟಕ್ಕೆ ಪ್ರೆಸ್ಸಿನ ಕಂಬದ ಮೇಲೆ ಪೆನ್ಸಿಲಿನಿಂದ ಗೀರು ಹಾಕಿದೆ. ಗಿಡ್ಡ ಬಾಟಲಿಗಳ ಕೆಳಗೆ ರಟ್ಟಿನ ಚೂರುಗಳನ್ನಿಟ್ಟು, ಪ್ರತಿಯೊಂದರ ಬಾಯನ್ನೂ ಆ ಗೀರಿಗೆ ತಂದು ಹಿಡಿಕೆ ಎಳೆದೆ. ನಲವತ್ತೆಂಟು ಸಲ. ಎರಡು ದಿನದ ಮೇಲೆ ಬಕೆಟ್ಟಿನಲ್ಲಿ ಒಂದೂ ಗುಳ್ಳೆ ಇಲ್ಲ.

ಭಾನುವಾರದ ಊಟದಲ್ಲಿ ಪದ್ಮಕ್ಕ ತಾವೇ ಆರಿಸಿದ ಬಾಟಲಿಯ ಸೋಡಾ ಬುಸ್ಸೆಂದು ಅವರ ಸೀರೆಯ ಮೇಲೆ ಹಾರಿತು. ಸುಮನಾ ಟಿಶ್ಯೂ ಕೊಡುತ್ತ, "ಪಾನಕ ಅಲ್ಲ ಪದ್ಮಕ್ಕ" ಎಂದಳು. ಅವಳಿಂದ ಅಷ್ಟು ಸಿಹಿಯಾದ ಮಾತು ಬಹಳ ದಿನದಿಂದ ಕೇಳಿರಲಿಲ್ಲ.

ಮನೆಗೆ ಬಂದು ನನ್ನ ಶೋಧನೆಯನ್ನು ದಾಖಲಿಸಲು ಕೂತೆ. ಹೋದ ವರ್ಷದ 'ಹನ್ನೊಂದು ಎಳೆ'ಯನ್ನು ಹೊಡೆದುಹಾಕಲು ಹಳೆಯ ದಿನಚರಿ ತೆರೆದಾಗ ಗಾಳಿಗೆ ಎರಡು ಹಾಳೆ ಮಗುಚಿದವು. ಅಲ್ಲಿ, ಯುಗಾದಿಯ ಮರುದಿನದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಅಡಿಗೆ ಎರಡೆರಡು ಗೆರೆ ಎಳೆದು: 'ಅಕ್ಕನಿಗೆ ಫೋನ್ ಮಾಡಿದ್ದೆ. ಅಳತೆ ಬಾಟಲಿಯ ಬಾಯಿಯಿಂದ, ತಳದಿಂದಲ್ಲ. ಮರೆಯಬಾರದು.'

ಬಟ್ಟೆ ಮಡಿಸುತ್ತಿದ್ದ ಸುಮನಾ ಹೆಗಲ ಮೇಲಿನಿಂದ ಬಗ್ಗಿ ಓದಿದಳು. ಬೆಳಗ್ಗೆ ನೋಡಿದರೆ ಪ್ರೆಸ್ಸಿನ ಹಿಡಿಕೆಗೆ ಬಿಳಿ ಟೇಪು ಸುತ್ತಿ, ಅದರ ಮೇಲೆ ದಪ್ಪ ಮಸಿಯಲ್ಲಿ ಬರೆದಿದ್ದಳು. ಎಳೆಯ ಲೆಕ್ಕವೂ ಇರಲಿಲ್ಲ, ಬಾಯಿಯ ಮಟ್ಟವೂ ಇರಲಿಲ್ಲ. 'ಮೊದಲು ಅಕ್ಕನನ್ನು ಕೇಳಿ' ಎಂದಷ್ಟೇ ಇತ್ತು.