ಬೆಳಕು ಸಾಲದು

ಫೋಟೋ ಚೆನ್ನಾಗಿ ಬಂದರೆ ಅವರ ಮುಖವೇ ಹಾಗೆ, ಕೆಟ್ಟರೆ ಫೋಟೋಗ್ರಾಫರನ ಕೈ ಹಾಗೆ. ರೀಲು ಹಾಕುವ ಕಾಲದಿಂದ ಚನ್ನಪಟ್ಟಣದಲ್ಲಿ ಸ್ಟುಡಿಯೋ ನಡೆಸಿದವನು ನಾನು. ಈ ನ್ಯಾಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

೧. ಬಣ್ಣ

ಬೊಂಬೆ ಮಾಡುವ ಹಿರಿಯರೊಬ್ಬರು ತಮ್ಮ ಬೊಂಬೆಗಳ ಫೋಟೋ ತೆಗೆಸಿದರು. ಕಪ್ಪುಬಿಳುಪೇ ಬರುವುದು ಎಂದು ಮೊದಲೇ ಹೇಳಿದ್ದೆ. ಪ್ರಿಂಟು ನೋಡಿದವರೇ, ಮೂರು ದಿನ ಅರಗು ಹಚ್ಚಿ ತಂದ ಕೆಂಪು, ಹಳದಿಯೆಲ್ಲ ಎಲ್ಲಿ ಹೋಯಿತೆಂದು ಜಗಳಕ್ಕೆ ನಿಂತರು. ನನ್ನ ಕ್ಯಾಮೆರಾ ಹಿಡಿಯುವುದು ಬೆಳಕು ನೆರಳು ಮಾತ್ರ ಎಂದೆ. ಅವರು ಗೋಡೆಯ ಮೇಲಿದ್ದ ನನ್ನ ಮದುವೆ ಫೋಟೋವನ್ನೇ ದಿಟ್ಟಿಸಿ, "ಪಾಪ, ಹೆಂಡ್ರಿಗೂ ಹಿಂಗೇ ಮಾಡಿದ್ದೀಯಲ್ಲಪ್ಪ" ಅಂದರು.

೨. ಬಾಗಿಲು

ಫಿಲ್ಮು ತೊಳೆಯುವ ಕತ್ತಲೆ ಕೋಣೆಗೆ ಒಂದು ಗೆರೆ ಬೆಳಕು ಬಿದ್ದರೂ ಎಲ್ಲ ಹಾಳು. ಚಿಲಕ ಕಿತ್ತುಹೋದ ಬಾಗಿಲ ಮೇಲೆ 'ತೆರೆಯಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಹೊಂಗನೂರಿನ ಯಜಮಾನರೊಬ್ಬರು ತಮ್ಮ ಫೋಟೋ ಆಯಿತೇ ಎಂದು ಕೇಳಲು ಬಂದವರು, ಬಾಗಿಲನ್ನು ಪೂರ್ತಿ ತೆರೆದು ನಿಂತರು. ಹೋದದ್ದು ಅವರದೇ ಫೋಟೋ. ಓದಲು ಬರುವುದಿಲ್ಲವೇ ಎಂದು ರೇಗಿದೆ.

"ನಮ್ಮ ರೇಷ್ಮೆ ಹುಳದ ಮನೆಗೂ ಹಿಂಗೇ ಬರ್ದಿವ್ನಿ. ಅದು ಹೊರಗಿನವ್ರಿಗೆ ಕಣಪ್ಪ. ಒಳಗಿರೋದು ನನ್ನ ಮುಖ ತಾನೇ?"

೩. ಸೋದರಮಾವ

ಕಲ್ಯ ಎಂಬ ಹಳ್ಳಿಯಲ್ಲೊಂದು ಮದುವೆ. ಹುಡುಗಿಯ ಅಣ್ಣ ಮಿಲಿಟರಿಯಲ್ಲಿದ್ದ, ರಜೆ ಸಿಕ್ಕಿರಲಿಲ್ಲ. ಅವನು ನೋಡಲೆಂದೇ ಈ ಫೋಟೋ, ಒಂದೂ ತಪ್ಪಬಾರದು ಎಂದು ತಾಯಿ ನನ್ನ ಕೈ ಹಿಡಿದು ಹೇಳಿದ್ದರು. ಚಪ್ಪರದಡಿ ಮಬ್ಬು. ಬೆಳಕು ಸಾಲದು, ಬೆಳಕು ಬಿಡಿ ಎಂದು ಬೆಳಗ್ಗೆಯಿಂದ ಜನರನ್ನು ಸರಿಸಿ ಸರಿಸಿ ಗಂಟಲು ಒಣಗಿತ್ತು. ಧಾರೆ ಮುಗಿದ ಮೇಲೆ ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟು ನೀರು ಕುಡಿದು ಬರುವಷ್ಟರಲ್ಲಿ, ಹುಡುಗಿಯ ಸೋದರಮಾವ ಅದರ ಹಿಂದಿನ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದಿದ್ದಾರೆ.

"ಬೆಳಕು ಸಾಲ್ದು ಅಂತ ಬಡ್ಕೋತಿದ್ದಲ್ಲಪ್ಪ, ಅದ್ಕೇ ಒಸಿ ಬುಟ್ಟೆ."

ನನಗೆ ಅಳುವೇ ಬಂತು. ಪುಣ್ಯಕ್ಕೆ ಇನ್ನೊಂದು ರೀಲಿತ್ತು. ಪುರೋಹಿತರ ಕಾಲಿಗೆ ಬಿದ್ದು, ಫೋಟೋಗೆಂದು ಧಾರೆಯಿಂದ ಎಲ್ಲವನ್ನೂ ಇನ್ನೊಮ್ಮೆ ಮಾಡಿಸಿದೆ. ಈ ಸಲ ಗಂಡು ಹೆಣ್ಣು ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ತಿಂಗಳ ಮೇಲೆ ತಾಯಿ ಮಗನ ಕಾಗದ ಹಿಡಿದು ಸ್ಟುಡಿಯೋಗೇ ಬಂದರು. ತಂಗಿ ಅಷ್ಟು ನಕ್ಕದ್ದನ್ನು ಕಂಡೇ ಇರಲಿಲ್ಲ, ತಾನೇ ಚಪ್ಪರದಲ್ಲಿ ನಿಂತ ಹಾಗಾಯಿತು ಎಂದು ಬರೆದಿದ್ದ. ನನ್ನ ಕಣ್ಣು ತುಂಬಿತು. ಒಂದು ಒಳ್ಳೆಯ ಮಾತು ಕೊನೆಗೂ ನನ್ನ ಪಾಲಿಗೆ ಬಂತಲ್ಲ ಅಂದುಕೊಂಡೆ.

ಜೊತೆಗೆ ಬಂದಿದ್ದ ಸೋದರಮಾವ ಮೀಸೆ ತಿರುವಿದರು.

"ಅವತ್ತು ನಾನು ಒಸಿ ಬೆಳಕು ಬುಡ್ದೆ ಇದ್ದಿದ್ರೆ, ಎಲ್ಲಾ ಕಪ್ಪಗೇ ಬರ್ತಿತ್ತು ಬುಡು."